ಬಗ್ಗಿ ಬಾಳಿದ ಕಂಪನಿ: ದೆಜಿಮಾ ದ್ವೀಪದ ಡಚ್ಚರ ಕಥೆ

ಇವತ್ತಿನ ಕಥೆ ಶುರುವಾಗೋದು ಒಂದು ವಿಸಿಟಿಂಗ್ ಕಾರ್ಡಿನಿಂದ.

ಬಿ.ಕಾಂ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಆಗ ತಾನೇ ಸೇರಿದ್ದೆ. ಒಂದು ದಿನ ಜಪಾನಿನಿಂದ ಕ್ಲೈಂಟ್ ಬಂದರು. ಮೀಟಿಂಗ್ ರೂಮಿನಲ್ಲಿ ಎಲ್ಲರಿಗೂ ಒಬ್ಬೊಬ್ಬರಾಗಿ ಕಾರ್ಡ್ ಕೊಡುತ್ತಾ ಬಂದ ಹಿರಿಯರೊಬ್ಬರು ನನ್ನಂಥ ಟ್ರೈನಿಯ ಮುಂದೆಯೂ ನಿಂತು, ಎರಡೂ ಕೈಯಲ್ಲಿ ಕಾರ್ಡ್ ಹಿಡಿದು, ಸ್ವಲ್ಪ ಬಾಗಿ ಕೊಟ್ಟರು. ನಾನು ‘ಥ್ಯಾಂಕ್ಯೂ ಸರ್’ ಅಂತ ಒಂದು ಕೈಯಲ್ಲಿ ಇಸ್ಕೊಂಡು, ಓದದೆ, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿ, ಅದರ ಮೇಲೇ ಕೂತುಬಿಟ್ಟೆ. ನಮ್ಮ ಮ್ಯಾನೇಜರ್ ಮುಖ ಹೇಗಾಯಿತು ಅಂತ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಪಾನಿನಲ್ಲಿ ಆ ಕಾರ್ಡ್ ಅಂದರೆ ಆ ಮನುಷ್ಯನೇ. ಅದನ್ನು ಮೇಜಿನ ಮೇಲೆ ಎದುರಿಗೆ ಇಟ್ಟುಕೊಳ್ಳಬೇಕು. ನಾನು ಆ ಮನುಷ್ಯನ ಮೇಲೆ ಒಂದು ಗಂಟೆ ಕೂತಿದ್ದೆ!

ಇದು ನೆನಪಾದದ್ದು ಯಾಕೆ ಅಂದರೆ, ನನ್ನ ಕಾಲೇಜು ಗೆಳೆಯನೊಬ್ಬ ಈಗ ಒಸಾಕಾದಲ್ಲಿ ಕೆಲಸಕ್ಕೆ ಇದ್ದಾನೆ. ಹೋದ ತಿಂಗಳು ಫೋನ್ ಮಾಡಿ ಗೋಳು ಹೇಳಿಕೊಂಡ. ‘ಮಗಾ, ಇಲ್ಲಿ ಬಾಸ್ ಏಳೋ ತನಕ ಯಾರೂ ಏಳಲ್ಲ. ಲಿಫ್ಟಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅನ್ನೋದಕ್ಕೂ ಲೆಕ್ಕ ಇದೆ. ಎಷ್ಟು ಬಗ್ಗಬೇಕು, ಯಾರಿಗೆ ಎಷ್ಟು ಬಗ್ಗಬೇಕು, ಅದಕ್ಕೂ ಲೆಕ್ಕ. ಸಂಬಳ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಇಷ್ಟೆಲ್ಲಾ ಬಗ್ಗೋದು ಬೇಕಾ ಅಂತ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಒಂದು ಕಥೆ ಇತ್ತು. ಜಪಾನಿನಲ್ಲಿ ಎರಡು ಶತಮಾನಕ್ಕೂ ಹೆಚ್ಚು ಕಾಲ ಬಗ್ಗಿಕೊಂಡೇ ವ್ಯಾಪಾರ ಮಾಡಿದ ಒಂದು ಆಫೀಸಿನ ಕಥೆ.

ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಷೇರು ಮಾರಿ ಬಂಡವಾಳ ಎತ್ತಿದ ಕಂಪನಿ. ಕಾಮರ್ಸ್ ಓದಿದವರಿಗೆ ಈ ಹೆಸರು ಮೊದಲ ವರ್ಷದಲ್ಲೇ ಸಿಕ್ಕಿರುತ್ತೆ, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆಯಾಗಿ. 1609ರಲ್ಲಿ ಇವರು ಜಪಾನಿನ ಹಿರಾದೋ ಅನ್ನೋ ಬಂದರಿನಲ್ಲಿ ಒಂದು ವ್ಯಾಪಾರದ ಕೋಠಿ ತೆರೆದರು. ಆಗ ಜಪಾನನ್ನು ಆಳುತ್ತಿದ್ದದ್ದು ತೊಕುಗಾವಾ ವಂಶದ ಶೋಗನ್‌ಗಳು. ರಾಜಧಾನಿ ಎದೋ, ಅಂದರೆ ಇವತ್ತಿನ ಟೋಕಿಯೋ.

ಮೊದಲು ಕೆಡಿಸಿಕೊಂಡವನ ಕಥೆ ಹೇಳ್ತೀನಿ. ಹೆಸರು ಪೀಟರ್ ನೌಟ್ಸ್. 1627ರಲ್ಲಿ ಕಂಪನಿ ಇವನನ್ನು ರಾಯಭಾರಿ ಅಂತ ಎದೋಗೆ ಕಳಿಸಿತು. ಓದಿಕೊಂಡವನು, ಆದರೆ ಪೂರ್ವ ದೇಶಗಳಿಗೆ ಹೊಸಬ. ಜಪಾನಿನ ಅಧಿಕಾರಿಗಳು ಒಂದು ಸರಳವಾದ ಪ್ರಶ್ನೆ ಕೇಳಿದರು: ನೀನು ರಾಯಭಾರಿ ಅಂತೀಯ, ನಿನ್ನನ್ನು ಕಳಿಸಿದ್ದು ಯಾರು, ರಾಜನಾ? ಅವನನ್ನು ಕಳಿಸಿದ್ದು ಬಟಾವಿಯಾದಲ್ಲಿದ್ದ ಕಂಪನಿಯ ಗವರ್ನರ್ ಜನರಲ್. ಅಂದರೆ ಅವರ ಲೆಕ್ಕದಲ್ಲಿ ಒಬ್ಬ ವ್ಯಾಪಾರಿಯ ಆಳು. ವ್ಯಾಪಾರಿಯ ಆಳಿಗೆ ಶೋಗನ್ ದರ್ಶನ ಯಾಕೆ ಕೊಡಬೇಕು? ನೌಟ್ಸ್‌ಗೆ ಇದು ಅವಮಾನವಾಗಿ ಕಂಡಿತು, ಅವನ ಗತ್ತು ಜಪಾನಿನವರಿಗೆ ಅವಮಾನವಾಗಿ ಕಂಡಿತು. ಬರಿಗೈಯಲ್ಲಿ ವಾಪಸ್ಸಾದ.

ವಾಪಸ್ಸಾಗಿದ್ದು ತೈವಾನಿಗೆ, ಅಲ್ಲಿ ಅವನೇ ಗವರ್ನರ್. ತೈವಾನಿಗೆ ಬರುತ್ತಿದ್ದ ಜಪಾನೀ ವ್ಯಾಪಾರಿಗಳ ಜೊತೆ ಸುಂಕದ ಜಗಳ ಮೊದಲೇ ಇತ್ತು. ಎದೋದಲ್ಲಿ ಆದ ಉರಿಯನ್ನೂ ಅವರ ಮೇಲೆ ತೀರಿಸಿಕೊಂಡ. 1628ರಲ್ಲಿ ಹಮಾದಾ ಯಾಹೆಯಿ ಅನ್ನೋ ಹಡಗಿನ ನಾಯಕ ತನ್ನವರನ್ನು ಕಟ್ಟಿಕೊಂಡು ನೌಟ್ಸ್ ಮನೆಗೇ ನುಗ್ಗಿ, ಅವನನ್ನು ಹಿಡಿದು ಒತ್ತೆ ಇಟ್ಟುಕೊಂಡ. ಸುದ್ದಿ ಎದೋಗೆ ಹೋಯಿತು, ಜಪಾನಿನಲ್ಲಿ ಡಚ್ಚರ ವ್ಯಾಪಾರ ಪೂರ್ತಿ ಬಂದ್ ಆಯಿತು. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ.

ಆಮೇಲೆ ಕಂಪನಿ ಏನು ಮಾಡಿತು ಗೊತ್ತಾ? 1632ರಲ್ಲಿ ತನ್ನದೇ ಗವರ್ನರನ್ನು ಕೈದಿಯಾಗಿ ಜಪಾನಿಗೆ ಒಪ್ಪಿಸಿತು. ‘ತಪ್ಪು ನಮ್ಮದಲ್ಲ, ಇವನದು, ತಗೊಳ್ಳಿ’ ಅಂತ. ವ್ಯಾಪಾರ ಮತ್ತೆ ಶುರುವಾಯಿತು. ನೌಟ್ಸ್ ನಾಲ್ಕು ವರ್ಷ ಜಪಾನಿನಲ್ಲಿ ಬಂಧನದಲ್ಲಿದ್ದ. 1636ರಲ್ಲಿ ಡಚ್ಚರು ಶೋಗನ್‌ಗೆ ಒಂದು ದೊಡ್ಡ ಲೋಹದ ದೀಪಗೊಂಚಲು ಕಾಣಿಕೆ ಕೊಟ್ಟ ಮೇಲೆ ಅವನ ಬಿಡುಗಡೆ ಆಯಿತು. ಆ ದೀಪಗೊಂಚಲು ಇವತ್ತಿಗೂ ನಿಕ್ಕೋ ಊರಿನಲ್ಲಿ, ಮೊದಲ ಶೋಗನ್ನನ ಸಮಾಧಿ ಇರುವ ದೇಗುಲದಲ್ಲಿದೆ. ಅದೇ ದೇಗುಲಕ್ಕೆ ಡಚ್ಚರು 1643ರಲ್ಲಿ ಇನ್ನೊಂದು, ತಿರುಗುವ ದೀಪ ಕೊಟ್ಟರು. ಅದರ ಮೇಲೆ ಶೋಗನ್ ವಂಶದ ಲಾಂಛನವನ್ನೇ ತಲೆಕೆಳಗಾಗಿ ಕೂರಿಸಿಬಿಟ್ಟಿದ್ದಾರೆ! ಆದರೂ ಅದನ್ನು ಯಾರೂ ಎಸೆಯಲಿಲ್ಲ, ಇವತ್ತಿಗೂ ಹಾಗೇ ಇದೆ. ಜೇಬಿನಲ್ಲಿ ಕಾರ್ಡ್ ಇಟ್ಟುಕೊಂಡವನಿಗೆ ಇದರಿಂದ ಸ್ವಲ್ಪ ಸಮಾಧಾನ.

ಈಗ ಎರಡನೆಯವನು. ನೌಟ್ಸ್ ಎದೋಗೆ ಹೋದಾಗ ಅವನ ಪಕ್ಕದಲ್ಲಿ ದುಭಾಷಿಯಾಗಿ ನಿಂತಿದ್ದ ಹುಡುಗ ಫ್ರಾಂಸ್ವಾ ಕಾರೋನ್. 1619ರಲ್ಲಿ ಹಿರಾದೋಗೆ ಬಂದಾಗ ಇವನ ಕೆಲಸ ಹಡಗಿನ ಅಡುಗೆಯವನಿಗೆ ಕೈಯಾಳು. ಪಾತ್ರೆ ತೊಳೆಯುತ್ತಾ ಬಂದವನು ಅಲ್ಲೇ ಉಳಿದ, ಜಪಾನೀ ಭಾಷೆ ಕಲಿತ, ಜಪಾನೀ ಹೆಣ್ಣನ್ನು ಮದುವೆಯಾದ, ಮಕ್ಕಳಾದವು. ಮೇಲೆ ಮೇಲೆ ಬಂದು 1639ರಲ್ಲಿ ಹಿರಾದೋ ಕೋಠಿಗೆ ಮುಖ್ಯಸ್ಥನಾದ.

ಅವನು ಮುಖ್ಯಸ್ಥನಾದ ಕಾಲ ಎಂಥದ್ದು ಅಂತ ಹೇಳಬೇಕು. ಕ್ರೈಸ್ತ ಧರ್ಮವನ್ನು ಶೋಗನ್ ನಿಷೇಧಿಸಿದ್ದ. 1637ರಲ್ಲಿ ಶಿಮಬಾರಾ ಪ್ರದೇಶದ ರೈತರು ದಂಗೆ ಎದ್ದರು, ತೆರಿಗೆಯ ಸಂಕಟ ಒಂದು ಕಡೆ, ಧರ್ಮದ ಕಿರುಕುಳ ಇನ್ನೊಂದು ಕಡೆ. ಅವರಲ್ಲಿ ಬಹಳ ಜನ ಕ್ರೈಸ್ತರು. ಹಾರಾ ಅನ್ನೋ ಕೋಟೆಯಲ್ಲಿ ಸೇರಿಕೊಂಡರು. ಸರ್ಕಾರ ಡಚ್ಚರಿಗೆ ಸಹಾಯ ಮಾಡಿ ಅಂತ ಹೇಳಿ ಕಳಿಸಿತು. ಕಾರೋನ್‌ಗಿಂತ ಮುಂಚೆ ಮುಖ್ಯಸ್ಥನಾಗಿದ್ದ ಕೌಕೆಬಾಕರ್ 1638ರಲ್ಲಿ ಹಡಗು ತಂದು, ಎರಡು ವಾರ ಆ ಕೋಟೆಯ ಮೇಲೆ ಫಿರಂಗಿ ಹಾರಿಸಿದ. ಡಚ್ಚರೂ ಕ್ರೈಸ್ತರೇ. ಅವರು ಪ್ರಾಟೆಸ್ಟೆಂಟ್, ಒಳಗಿದ್ದವರು ಕ್ಯಾಥೊಲಿಕ್, ಆ ಕಾಲದ ಯುರೋಪಿನಲ್ಲಿ ಆ ಎರಡು ಪಂಗಡಕ್ಕೆ ಯುದ್ಧವೇ ನಡೀತಿತ್ತು, ಎಲ್ಲಾ ನಿಜ. ಆದರೂ ಕೋಟೆಯೊಳಗೆ ಇದ್ದವರು ಹಸಿದ ರೈತರು, ಹೆಂಗಸರು, ಮಕ್ಕಳು. ಕೋಟೆ ಬಿದ್ದ ಮೇಲೆ ಬಹುತೇಕ ಯಾರನ್ನೂ ಉಳಿಸಲಿಲ್ಲ. ‘ಅಲ್ಲಿನ ರೀತಿಗೆ ಹೊಂದಿಕೊಳ್ಳೋದು’ ಅಂತ ನಾವು ಸಲೀಸಾಗಿ ಹೇಳ್ತೀವಲ್ಲ, ಅದರ ಒಂದು ತುದಿ ಇಲ್ಲಿತನಕ ಬಂದು ಮುಟ್ಟುತ್ತೆ.

1639ರಲ್ಲಿ ಪೋರ್ಚುಗೀಸರನ್ನು ದೇಶದಿಂದ ಹೊರಗೆ ಹಾಕಿದರು. ಮರುವರ್ಷ ‘ದಯವಿಟ್ಟು ವ್ಯಾಪಾರಕ್ಕೆ ಬಿಡಿ’ ಅಂತ ಮಕಾವ್‌ನಿಂದ ಬಂದ ನಿಯೋಗದಲ್ಲಿ 61 ಜನರ ತಲೆ ತೆಗೆದರು. ಸುದ್ದಿ ಹೇಳೋದಕ್ಕೆ 13 ಜನರನ್ನು ಬಿಟ್ಟರು.

ಅದೇ 1640ರ ನವೆಂಬರಿನಲ್ಲಿ ಶೋಗನ್ನನ ಅಧಿಕಾರಿ ಇನೊವೆ ಮಸಶಿಗೆ ಹಿರಾದೋಗೆ ಬಂದ. ಡಚ್ಚರು ಆಗಷ್ಟೇ ಕಲ್ಲಿನ ದೊಡ್ಡ ಗೋದಾಮು ಕಟ್ಟಿಸಿದ್ದರು. ಅದರ ಗೋಡೆಯ ಮೇಲೆ, ನಾವು ಮನೆ ಕಟ್ಟಿದಾಗ ಮುಂಬಾಗಿಲ ಮೇಲೆ ಹೆಸರು, ಇಸವಿ ಹಾಕಿಸ್ತೀವಲ್ಲ, ಹಾಗೆ 1639 ಅಂತ ಇಸವಿ ಕೆತ್ತಿಸಿದ್ದರು. ಅದು ಕ್ರಿಸ್ತಶಕ. ಇನೊವೆ ಹೇಳಿದ: ಇದು ಕ್ರಿಸ್ತ ಹುಟ್ಟಿದ ವರ್ಷದಿಂದ ಎಣಿಸಿದ ಲೆಕ್ಕ, ಈ ದೇಶದಲ್ಲಿ ನಡೆಯಲ್ಲ, ಕಟ್ಟಡ ಕೆಡವಿ.

ಒಂದು ಕ್ಷಣ ಕಾರೋನ್ ಜಾಗದಲ್ಲಿ ನಿಂತು ನೋಡಿ. ಕಂಪನಿಯ ದುಡ್ಡಿನಲ್ಲಿ ಕಟ್ಟಿದ ಹೊಸ ಕಟ್ಟಡ, ಒಳಗೆ ತುಂಬಿದ ಮಾಲು. ‘ಇಸವಿ ಮಾತ್ರ ಕೆತ್ತಿ ತೆಗೀತೀವಿ ಸ್ವಾಮಿ’ ಅಂತ ಚೌಕಾಸಿ ಮಾಡಬಹುದಿತ್ತು. ‘ಬಟಾವಿಯಾಗೆ ಬರೆದು ಕೇಳ್ತೀನಿ’ ಅನ್ನಬಹುದಿತ್ತು. ಇವತ್ತಿನ ಮ್ಯಾನೇಜರ್ ಆಗಿದ್ದರೆ ಖಂಡಿತ ಹೆಡ್ ಆಫೀಸಿಗೆ ಮೇಲ್ ಹಾಕಿರುತ್ತಿದ್ದ. ಕಾರೋನ್ ಅದ್ಯಾವುದನ್ನೂ ಮಾಡಲಿಲ್ಲ. ತಮ್ಮ ಅಪ್ಪಣೆಯಂತೆ ಆಗಲಿ ಅಂದ, ಅವತ್ತೇ ಕೆಡವೋದಕ್ಕೆ ಆಳು ಹಚ್ಚಿದ. ಅವನೇನಾದರೂ ಎದುರಾಡಿದ್ದರೆ ಅಲ್ಲೇ ಮುಗಿಸೋದಕ್ಕೆ ಇನೊವೆ ಜನ ಇಟ್ಟಿದ್ದ ಅಂತ ಆಮೇಲೆ ಡಚ್ಚರಿಗೆ ಗೊತ್ತಾಯಿತು. ಇಪ್ಪತ್ತು ವರ್ಷ ಆ ನೆಲದಲ್ಲಿ ಬದುಕಿದವನಿಗೆ ಅದು ಪ್ರಶ್ನೆಯಲ್ಲ, ಪರೀಕ್ಷೆ ಅಂತ ಮುಖ ನೋಡಿದ ಕೂಡಲೇ ತಿಳಿದಿರಬೇಕು. ಆ ಗೋದಾಮನ್ನು 2011ರಲ್ಲಿ ಹಿರಾದೋದಲ್ಲಿ ಮತ್ತೆ ಕಟ್ಟಿದ್ದಾರೆ, ಈಗ ಮ್ಯೂಸಿಯಂ.

ಮರುವರ್ಷ, 1641ರಲ್ಲಿ, ಡಚ್ಚರನ್ನು ಹಿರಾದೋದಿಂದ ಎಬ್ಬಿಸಿ ನಾಗಸಾಕಿಗೆ ತಂದು ದೆಜಿಮಾದಲ್ಲಿ ಕೂರಿಸಿದರು. ಜೊತೆಗೆ ಇನ್ನೊಂದು ಆಜ್ಞೆ: ಕೋಠಿಯ ಮುಖ್ಯಸ್ಥ ಪ್ರತಿ ವರ್ಷ ಬದಲಾಗಬೇಕು. ಕಾರೋನ್ ಥರ ಭಾಷೆ ಕಲಿತು, ಸಂಸಾರ ಹೂಡಿ ಬೇರು ಬಿಡೋ ಇನ್ನೊಬ್ಬ ಬೇಡ ಅಂತಲೇ ಈ ಆಜ್ಞೆ ಬಂತು ಅಂತ ನನ್ನ ಅಂದಾಜು. ಚೆನ್ನಾಗಿ ಹೊಂದಿಕೊಂಡವನಿಗೆ ಸಿಕ್ಕ ಬಹುಮಾನ ನೋಡಿ. ಅಂದ ಹಾಗೆ, ಇದೇ ಕಾರೋನ್ ಮುಂದೆ ಫ್ರೆಂಚರ ಕಂಪನಿ ಸೇರಿ ನಮ್ಮ ದೇಶಕ್ಕೂ ಬಂದ. 1668ರಲ್ಲಿ ಸೂರತ್‌ನಲ್ಲಿ ಫ್ರೆಂಚ್ ಕೋಠಿ ತೆರೆದವನು ಅವನೇ.

ದೆಜಿಮಾ ಅಂದರೆ ನಾಗಸಾಕಿ ಬಂದರಿನಲ್ಲಿ ಮಣ್ಣು ತುಂಬಿಸಿ ಮಾಡಿದ, ಬೀಸಣಿಗೆ ಆಕಾರದ ಕೃತಕ ದ್ವೀಪ. ವಿಸ್ತೀರ್ಣ ಸುಮಾರು 15,000 ಚದರ ಮೀಟರ್, ನಾಲ್ಕು ಎಕರೆಗೂ ಕಮ್ಮಿ. ನಮ್ಮ ಕಡೆ ಒಂದು ಅಡಿಕೆ ತೋಟ ಇದಕ್ಕಿಂತ ದೊಡ್ಡದಿರುತ್ತೆ. ಊರಿಗೆ ಒಂದೇ ಸೇತುವೆ, ಅದರ ಬಾಗಿಲಲ್ಲಿ ಕಾವಲು. ಅಪ್ಪಣೆ ಇಲ್ಲದೆ ಹೊರಗೆ ಕಾಲಿಡೋ ಹಾಗಿಲ್ಲ. ಈ ಜೈಲಿನಂಥ ಜಾಗಕ್ಕೆ ಬಾಡಿಗೆ ಬೇರೆ, ವರ್ಷಕ್ಕೆ 55 ಕಾನ್ ಬೆಳ್ಳಿ, ಅಂದರೆ ಇನ್ನೂರು ಕಿಲೋ ದಾಟುತ್ತೆ. ಡಚ್ಚರು ಇರುತ್ತಿದ್ದದ್ದು ಹತ್ತು ಹದಿನೈದು ಜನ, ಜೊತೆಗೆ ಅವರು ಜಾವಾ ಕಡೆಯಿಂದ ತಂದ ಗುಲಾಮರು. ಆ ಕಾಲದ ಜಪಾನೀ ಚಿತ್ರಗಳಲ್ಲಿ ಡಚ್ಚರ ಹಿಂದೆ ಛತ್ರಿ ಹಿಡಿದು ನಿಂತವರು ಇವರೇ. ಅವರು ಯಾರಿಗೆಲ್ಲ ಬಗ್ಗಬೇಕಾಗಿತ್ತು ಅಂತ ಯಾರೂ ಬರೆದಿಡಲಿಲ್ಲ.

ಹಡಗು ಬಂದ ಕೂಡಲೇ ಬೈಬಲ್, ಪ್ರಾರ್ಥನೆ ಪುಸ್ತಕಗಳನ್ನೆಲ್ಲ ಒಂದು ಪೀಪಾಯಿಗೆ ಹಾಕಿ ಸೀಲ್ ಮಾಡಿಡಬೇಕು, ಹಡಗು ಹೊರಡುವಾಗಲೇ ತೆಗೆಯಬೇಕು. ಕ್ರಿಸ್‌ಮಸ್ ಅನ್ನೋ ಮಾತೇ ಇಲ್ಲ. ಅದರ ಬದಲು ಅದೇ ಹೊತ್ತಿಗೆ ಬರೋ ಉತ್ತರಾಯಣದ ಹಬ್ಬ ಅಂತ ಮಾಡೋರು. ಜನವರಿ ಒಂದಕ್ಕೆ ಹೊಸ ವರ್ಷದ ಊಟ ಮಾತ್ರ ಭರ್ಜರಿ. ಜಪಾನೀ ದುಭಾಷಿಗಳನ್ನು, ಅಧಿಕಾರಿಗಳನ್ನು ಕರೆದು ಮೇಜು ಕುರ್ಚಿ ಹಾಕಿ ಬಡಿಸೋರು. ಬಂದವರು ಸ್ವಲ್ಪ ರುಚಿ ನೋಡಿ ಉಳಿದದ್ದನ್ನು ಕಟ್ಟಿಕೊಂಡು ಮನೆಗೆ ಒಯ್ಯೋರು. ಮದುವೆ ಮನೆಯ ಊಟದ ನಂತರ ನಮ್ಮಲ್ಲೂ ಇರೋ ಪದ್ಧತಿ, ತಪ್ಪೇನಿಲ್ಲ.

ಆದರೆ ದೆಜಿಮಾ ನೌಕರರ ಅತಿ ದೊಡ್ಡ ಕೆಲಸ ವ್ಯಾಪಾರ ಅಲ್ಲ, ಎದೋ ಯಾತ್ರೆ. ಪ್ರತಿ ವರ್ಷ ಮುಖ್ಯಸ್ಥ, ಒಬ್ಬ ವೈದ್ಯ, ಒಬ್ಬಿಬ್ಬರು ಗುಮಾಸ್ತರು ನಾಗಸಾಕಿಯಿಂದ ಎದೋಗೆ ಹೋಗಿ ಶೋಗನ್‌ಗೆ ‘ವ್ಯಾಪಾರಕ್ಕೆ ಬಿಟ್ಟದ್ದಕ್ಕೆ ಉಪಕಾರವಾಯಿತು’ ಅಂತ ಹೇಳಿ ಬರಬೇಕು. ಹೋಗಿ ಬರೋದಕ್ಕೆ ಹೆಚ್ಚುಕಡಿಮೆ ಮೂರು ತಿಂಗಳು. ಕಾಣಿಕೆ, ಪರಿವಾರ, ದಾರಿ ಖರ್ಚು ಎಲ್ಲಾ ಕಂಪನಿಯದು.

ಈ ದರ್ಶನದ ಒಳ್ಳೆಯ ವರ್ಣನೆ ಬಿಟ್ಟುಹೋದವನು ಎಂಗೆಲ್ಬರ್ಟ್ ಕೆಂಪ್ಫರ್, ದೆಜಿಮಾದಲ್ಲಿದ್ದ ಜರ್ಮನ್ ವೈದ್ಯ. 1691ರಲ್ಲಿ, ಮತ್ತೆ 1692ರಲ್ಲಿ ಎದೋಗೆ ಹೋಗಿದ್ದ. ಅವನು ಹೇಳೋ ಪ್ರಕಾರ ವಿಧಿ ಹೀಗೆ. ದೊಡ್ಡ ಸಭಾಂಗಣ, ಕಾಣಿಕೆಗಳನ್ನು ಜೋಡಿಸಿಟ್ಟಿದ್ದಾರೆ. ಒಬ್ಬ ಗಟ್ಟಿ ದನಿಯಲ್ಲಿ ‘ಓರಾಂಡಾ ಕಾಪಿತಾನ್’ ಅಂತ ಕೂಗುತ್ತಾನೆ, ಹಾಲೆಂಡ್ ಕ್ಯಾಪ್ಟನ್ ಅಂತ. ಆಗ ಮುಖ್ಯಸ್ಥ ಕೈ ಮೊಣಕಾಲು ಊರಿ ತೆವಳಿಕೊಂಡು ಹೋಗಿ, ಗೊತ್ತುಮಾಡಿದ ಜಾಗದಲ್ಲಿ ಹಣೆ ನೆಲಕ್ಕೆ ಮುಟ್ಟಿಸಿ, ಒಂದೂ ಮಾತಾಡದೆ ಏಡಿಯ ಹಾಗೆ ಹಿಂದಕ್ಕೆ ತೆವಳಿಕೊಂಡು ಬರಬೇಕು. ಅಷ್ಟೇ, ದರ್ಶನ ಮುಗೀತು. ಮೂರು ತಿಂಗಳ ಪ್ರಯಾಣಕ್ಕೆ ಸಿಕ್ಕಿದ್ದು ಕೆಲವು ನಿಮಿಷ. ತಿರುಪತಿಯಲ್ಲಿ ಗಂಟೆಗಟ್ಟಲೆ ಕ್ಯೂ ನಿಂತವರಿಗೆ ಅರ್ಥ ಆಗುತ್ತೆ.

ಇಲ್ಲಿಗೆ ಬಿಡಲಿಲ್ಲ. ಆಗಿನ ಶೋಗನ್ ತ್ಸುನಯೋಶಿಗೆ ಈ ವಿಚಿತ್ರ ಜನರನ್ನು ನೋಡೋ ಕುತೂಹಲ. ಒಳಗಿನ ಕೋಣೆಗೆ ಕರೆಸಿ, ತಾನು ಅಂತಃಪುರದ ಹೆಂಗಸರ ಜೊತೆ ಪರದೆಯ ಹಿಂದೆ ಕೂತು, ಇವರಿಗೆ ಆಟ ಆಡಿಸಿದ. ಕೋಟು ತೆಗೀರಿ. ಎದ್ದು ನಿಲ್ಲಿ, ನಡೆದಾಡಿ. ನಿಮ್ಮ ದೇಶದಲ್ಲಿ ಒಬ್ಬರನ್ನೊಬ್ಬರು ಹೇಗೆ ಮಾತಾಡಿಸ್ತೀರಿ, ತೋರಿಸಿ. ಕುಣೀರಿ, ನೆಗೀರಿ. ಕುಡಿದವನ ಥರ ಮಾಡಿ. ಚಿತ್ರ ಬರೀರಿ, ಹಾಡು ಹೇಳಿ. ಕೆಂಪ್ಫರ್ ಜರ್ಮನ್ ಭಾಷೆಯ ಒಂದು ಪ್ರೇಮಗೀತೆ ಹಾಡಿ ಕುಣಿದ. ಆಗ ಅವನಿಗೆ ನಲವತ್ತು ವರ್ಷ ಹತ್ತಿರ. ಪರ್ಷಿಯಾ, ಸಯಾಮ್ ಎಲ್ಲಾ ಸುತ್ತಿ ಬಂದ ಪಂಡಿತ.

ಇದರಲ್ಲಿ ನನಗೆ ಇಷ್ಟವಾದ ಒಂದು ವಿಷಯ ಇದೆ. ಮುಖ್ಯಸ್ಥನನ್ನು ಮಾತ್ರ ಕುಣಿಸಲಿಲ್ಲ. ಅವನು ಕಂಪನಿಯ ಪ್ರತಿನಿಧಿ, ಅವನ ಮರ್ಯಾದೆ ಕಾಪಾಡಬೇಕು. ಅಂದರೆ ಕುಣಿಸೋದರಲ್ಲೂ ಒಂದು ಶ್ರೇಣಿ ಇತ್ತು, ಕೆಳಗಿನವರು ಕುಣೀತಾರೆ. ಆಫೀಸಿನ ಆನುಯಲ್ ಡೇ ನೆನಪಾಯಿತಾ? ಟ್ರೈನಿಗಳು ಸ್ಟೇಜ್ ಮೇಲೆ, ಡೈರೆಕ್ಟರ್ ಮುಂದಿನ ಸಾಲಿನಲ್ಲಿ.

ಇನ್ನು ಲೆಕ್ಕದ ಮಾತು, ಅದು ನನ್ನ ಏರಿಯಾ. ಕಂಪನಿ ಇದನ್ನೆಲ್ಲ ಯಾಕೆ ಸಹಿಸಿತು? ಹದಿನೇಳನೇ ಶತಮಾನದ ನಡುವೆ ಏಷ್ಯಾದಲ್ಲಿ ಅವರಿಗೆ ಅತಿ ಹೆಚ್ಚು ಲಾಭ ತರುತ್ತಿದ್ದ ಕೋಠಿಗಳಲ್ಲಿ ಜಪಾನಿನದೂ ಒಂದು. ಜಪಾನಿನ ಬೆಳ್ಳಿ, ಆಮೇಲೆ ತಾಮ್ರ, ನಮ್ಮ ಕೋರಮಂಡಲ ಕರಾವಳಿಗೆ, ಬಂಗಾಳಕ್ಕೆ ಬರುತ್ತಿತ್ತು. ಅದರಿಂದ ಬಟ್ಟೆ ಕೊಂಡು ಬೇರೆ ಕಡೆ ಮಾರೋರು, ಜಪಾನಿಗೂ ಒಯ್ಯೋರು. ಜಪಾನಿನಲ್ಲಿ ಒಂದು ಬಗೆಯ ಪಟ್ಟೆ ಬಟ್ಟೆಗೆ ‘ಸಾಂತೊಮೆ’ ಅಂತ ಹೆಸರು ಬಂತು, ಅದು ಚೆನ್ನೈನ ಸ್ಯಾಂಥೋಮ್. ಯುರೋಪಿನವರಲ್ಲಿ ಜಪಾನಿಗೆ ಬರಲು ಅಪ್ಪಣೆ ಇದ್ದದ್ದು ಡಚ್ಚರಿಗೆ ಮಾತ್ರ. ಅಂಥ ಏಕಸ್ವಾಮ್ಯ ಕೈಯಲ್ಲಿರುವಾಗ ಹಣೆ ನೆಲಕ್ಕೆ ಮುಟ್ಟಿಸೋದು ಒಂದು ಖರ್ಚು, ಅಷ್ಟೇ. ಬಾಡಿಗೆ, ಸುಂಕ, ಕಾಣಿಕೆ, ನಮಸ್ಕಾರ. ಶೋಗನ್ ಮರಳಿ ಕೊಡುತ್ತಿದ್ದ ರೇಷ್ಮೆ ನಿಲುವಂಗಿಗಳು ಹಾಲೆಂಡಿನ ಶ್ರೀಮಂತರಲ್ಲಿ ಫ್ಯಾಷನ್ ಆದವು, ಅದು ಬೋನಸ್ಸು. ಕಾರ್ಯವಾಸಿ ಕತ್ತೆ ಕಾಲು ಹಿಡಿ ಅನ್ನೋ ನಮ್ಮ ಗಾದೆಯನ್ನು ಇಷ್ಟು ಶಿಸ್ತಾಗಿ ಪಾಲಿಸಿದ ಕಂಪನಿ ಇನ್ನೊಂದಿಲ್ಲ.

ಹಾಗಂತ ಡಚ್ಚರು ವಿನಯವಂತರು ಅಂದುಕೊಳ್ಳಬೇಡಿ. ಇದೇ ಕಂಪನಿ, ಇದೇ ಮುದ್ರೆ, 1621ರಲ್ಲಿ ಜಾಯಿಕಾಯಿಗೋಸ್ಕರ ಬಾಂದಾ ದ್ವೀಪಗಳಲ್ಲಿ ಸಾವಿರಾರು ಜನರನ್ನು ಕೊಂದು, ಉಳಿದವರನ್ನು ಗುಲಾಮರನ್ನಾಗಿ ಒಯ್ದಿತ್ತು. ಬಟಾವಿಯಾದಲ್ಲಿ ಕಂಪನಿಯ ದೊಡ್ಡ ಸಾಹೇಬರ ಗಾಡಿ ಬಂದರೆ ಎದುರಿನವರು ತಮ್ಮ ಗಾಡಿಯಿಂದ ಇಳಿದು ತಲೆ ಬಾಗಬೇಕು ಅನ್ನೋ ನಿಯಮ ಮಾಡಿಕೊಂಡಿದ್ದವರೂ ಇವರೇ. ಜಪಾನಿನಲ್ಲಿ ತೆವಳಿದ ಮನುಷ್ಯನೇ ಬಟಾವಿಯಾಗೆ ಹೋದರೆ ಬೇರೆಯವರು ತನಗೆ ಬಾಗಲಿ ಅಂತ ಕಾಯುತ್ತಿದ್ದ. ಯಾರಿಗೆ ಯಾರು ಬೇಕು ಅನ್ನೋದರ ಮೇಲೆ ಸೊಂಟ ತಾನಾಗಿ ಬಗ್ಗುತ್ತೆ ಅಥವಾ ಸೆಟೆಯುತ್ತೆ.

ಬಗ್ಗಿದರೆ ಕೆಲಸ ಆಗಿಯೇ ಆಗುತ್ತೆ ಅಂತಲೂ ಇಲ್ಲ. ಇದಕ್ಕೆ ದೆಜಿಮಾದಲ್ಲಿ ಮುಖ್ಯಸ್ಥನಾಗಿದ್ದ ಐಸಾಕ್ ಟಿಟ್ಸಿಂಗ್ ಸಾಕ್ಷಿ. ಎದೋ ದರ್ಶನ ಮಾಡಿ ಅನುಭವ ಇದ್ದವನು ಅಂತ ಕಂಪನಿ ಅವನನ್ನು ಆಮೇಲೆ ಚೀನಾಕ್ಕೆ ರಾಯಭಾರಿಯಾಗಿ ಕಳಿಸಿತು. ಅವನಿಗಿಂತ ಸ್ವಲ್ಪ ಮುಂಚೆ, 1793ರಲ್ಲಿ, ಬ್ರಿಟಿಷರ ಮೆಕಾರ್ಟ್ನಿ ಚೀನಾ ಚಕ್ರವರ್ತಿ ಚಿಯೆನ್‌ಲುಂಗ್ ಮುಂದೆ ಸಾಷ್ಟಾಂಗ ಬೀಳೋದಿಲ್ಲ, ನಮ್ಮ ರಾಜನಿಗೆ ಮಾಡುವಂತೆ ಒಂದು ಮೊಣಕಾಲು ಊರುತ್ತೇನೆ ಅಂತ ಹಟ ಹಿಡಿದು ಬರಿಗೈಯಲ್ಲಿ ಹೋಗಿದ್ದ. ಈ ಮೆಕಾರ್ಟ್ನಿ ನಮಗೆ ಅಪರಿಚಿತ ಅಲ್ಲ. ಮದ್ರಾಸಿನ ಗವರ್ನರ್ ಆಗಿದ್ದಾಗ ಟಿಪ್ಪುವಿನ ಜೊತೆ ಸಂಧಿಗೆ ಜನ ಕಳಿಸಿದವನು. 1784ರ ಮಂಗಳೂರು ಒಪ್ಪಂದಕ್ಕೆ ಬಂದ ಮೂವರಲ್ಲಿ ಒಬ್ಬನಾದ ಜಾರ್ಜ್ ಸ್ಟಾಂಟನ್ ಚೀನಾಕ್ಕೂ ಅವನ ಜೊತೆ ಕಾರ್ಯದರ್ಶಿಯಾಗಿ ಹೋಗಿದ್ದ.

ಸರಿ, ಡಚ್ಚರು ಅಂದುಕೊಂಡರು, ಇಂಗ್ಲಿಷರು ಬಾಗಲಿಲ್ಲ, ನಾವು ಬಾಗೋಣ. 1795ರ ಜನವರಿಯಲ್ಲಿ ಬೀಜಿಂಗಿನ ಚಳಿಯಲ್ಲಿ ಟಿಟ್ಸಿಂಗ್ ಮತ್ತು ಜೊತೆಗಾರ ಫಾನ್ ಬ್ರಾಮ್ ಮತ್ತೆ ಮತ್ತೆ ಹಣೆ ನೆಲಕ್ಕೆ ಹಚ್ಚಿದರು. ದಪ್ಪ ಮೈಯ ಫಾನ್ ಬ್ರಾಮ್ ಬಾಗಿದಾಗ ಅವನ ಹ್ಯಾಟು ಉರುಳಿ ಬಿತ್ತು, ಚಕ್ರವರ್ತಿ ನಕ್ಕ. ಚಕ್ರವರ್ತಿಯ ತಟ್ಟೆಯಲ್ಲಿ ಉಳಿದ ಮಾಂಸವನ್ನು ಪ್ರಸಾದದಂತೆ ಕಳಿಸಿದರು, ಎಲುಬೇ ಹೆಚ್ಚು. ಸಿಕ್ಕಿದ ವ್ಯಾಪಾರ ಸೌಲಭ್ಯ? ಸೊನ್ನೆ. ಬಾಗದವನಿಗೂ ಸೊನ್ನೆ, ಬಾಗಿದವನಿಗೂ ಸೊನ್ನೆ. ಚೀನಾಕ್ಕೆ ಇವರಿಬ್ಬರಿಂದಲೂ ಆಗಬೇಕಾದ್ದು ಏನೂ ಇರಲಿಲ್ಲ. ಜಪಾನಿನಲ್ಲಿ ಡಚ್ಚರನ್ನು ಇಟ್ಟುಕೊಂಡದ್ದು ಅವರ ನಮಸ್ಕಾರ ನೋಡಿ ಅಲ್ಲ. ಅವರು ಧರ್ಮ ಪ್ರಚಾರಕ್ಕೆ ಕೈ ಹಾಕುತ್ತಿರಲಿಲ್ಲ, ಪ್ರತಿ ವರ್ಷ ಹೊರಗಿನ ಪ್ರಪಂಚದ ಸುದ್ದಿಯನ್ನು ಬರೆದು ಒಪ್ಪಿಸುತ್ತಿದ್ದರು. ಅಮೆರಿಕದ ನೌಕಾಪಡೆ ಬರಲಿದೆ ಅಂತ 1852ರಲ್ಲಿ ಮುನ್ನೆಚ್ಚರಿಕೆ ಕೊಟ್ಟದ್ದೂ ದೆಜಿಮಾ ಆಫೀಸೇ.

ಈಗ ನನ್ನ ಗೆಳೆಯನ ಪ್ರಶ್ನೆಗೆ ಹತ್ತಿರ ಬರೋಣ. ಕಂಪನಿಯ ಖಾತೆಯಲ್ಲಿ ಲಾಭ ಇತ್ತು, ಒಪ್ಪಿದೆ. ಆದರೆ ಬಗ್ಗಿದ ಬೆನ್ನು ಕಂಪನಿಯದಲ್ಲ, ಯಾರೋ ಒಬ್ಬ ನೌಕರನದು. ಹೆಂಡ್ರಿಕ್ ಡೂಫ್ ಅಂತ ಒಬ್ಬನಿದ್ದ. 1803ರಿಂದ 1817ರವರೆಗೆ ದೆಜಿಮಾ ಮುಖ್ಯಸ್ಥ. ವರ್ಷಕ್ಕೊಮ್ಮೆ ಬದಲಾಗಬೇಕಾದವನು ಹದಿನಾಲ್ಕು ವರ್ಷ ಅಲ್ಲೇ ಸಿಕ್ಕಿಕೊಂಡ. ಯುರೋಪಿನಲ್ಲಿ ನೆಪೋಲಿಯನ್ ಯುದ್ಧ. 1808ರಲ್ಲಿ ಫೀಟನ್ ಅನ್ನೋ ಇಂಗ್ಲಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ಮೋಸದಿಂದ ನಾಗಸಾಕಿಗೆ ನುಗ್ಗಿ, ಇಬ್ಬರು ಡಚ್ಚರನ್ನು ಹಿಡಿದು, ನೀರು ಆಹಾರ ಕಿತ್ತುಕೊಂಡು ಹೋಯಿತು. ತಡೆಯಲಾಗದ ಅವಮಾನಕ್ಕೆ ನಾಗಸಾಕಿಯ ಆಡಳಿತಾಧಿಕಾರಿ ಮತ್ಸುದೈರಾ ಯಾಸುಹಿದೆ ಹೊಟ್ಟೆ ಸೀಳಿಕೊಂಡು ಸತ್ತ. ಕೆಲಸದಲ್ಲಿ ಆದ ಲೋಪಕ್ಕೆ ಅಲ್ಲಿನವರು ತಮ್ಮ ಮೇಲೆ ಹಾಕಿಕೊಂಡ ನಿಯಮ ಇದು. ಡಚ್ಚರ ತೆವಳುವಿಕೆ ಅದರ ಮುಂದೆ ಏನೂ ಅಲ್ಲ.

1810ರಲ್ಲಿ ಹಾಲೆಂಡ್ ದೇಶವೇ ಫ್ರಾನ್ಸಿಗೆ ಸೇರಿಹೋಯಿತು. ಕಂಪನಿ ಅದಕ್ಕೂ ಮುಂಚೆಯೇ ಮುಳುಗಿತ್ತು. ವರ್ಷಗಟ್ಟಲೆ ಹಡಗು ಬರಲಿಲ್ಲ, ಸಂಬಳ ಇಲ್ಲ, ಸಾಮಾನಿಲ್ಲ. ಡೂಫ್ ಮತ್ತು ಅವನವರು ಜಪಾನಿನವರ ಸಾಲದಲ್ಲಿ ಊಟ ಮಾಡಿದರು. ಹಳೇ ಜಮಖಾನ ಕತ್ತರಿಸಿ ಪ್ಯಾಂಟು ಹೊಲಿಸಿಕೊಂಡರು, ಹುಲ್ಲಿನ ಚಪ್ಪಲಿಗೆ ತೊಗಲು ಸುತ್ತಿ ಬೂಟು ಮಾಡಿಕೊಂಡರು. ಜಾವಾ ಹಿಡಿದಿದ್ದ ಬ್ರಿಟಿಷರ ರಾಫಲ್ಸ್ 1813ರಲ್ಲಿ ‘ಇನ್ನು ಇದು ನಮ್ಮದು’ ಅಂತ ಹಡಗು ಕಳಿಸಿದ, ಜೊತೆಗೆ ಶೋಗನ್‌ಗೆ ಕಾಣಿಕೆಯಾಗಿ ಒಂದು ಆನೆ. ಡೂಫ್ ಬಾವುಟ ಇಳಿಸಲಿಲ್ಲ. ಆನೆಯೂ ವಾಪಸ್ ಹೋಯಿತು.

ಈ ಮನುಷ್ಯ ಅಲ್ಲಿ ಜಪಾನೀ ಕಲಿತ, ಹೈಕು ಬರೆದ, ದುಭಾಷಿಗಳ ಜೊತೆ ಕೂತು ಡಚ್–ಜಪಾನೀ ನಿಘಂಟು ಮಾಡಿದ. ಒಬ್ಬ ಜಪಾನೀ ಹೆಣ್ಣಿನಿಂದ ಮಗನೂ ಹುಟ್ಟಿದ, ಜೋಕಿಚಿ ಅಂತ. 1817ರಲ್ಲಿ ಬದಲಿ ಮನುಷ್ಯ ಬಂದ, ಡೂಫ್ ಹೊರಡಬೇಕಾಯಿತು. ಇಂಥ ಮಕ್ಕಳನ್ನು ದೇಶದಿಂದ ಕರೆದೊಯ್ಯೋ ಹಾಗಿಲ್ಲ. ಡೂಫ್ ನಾಗಸಾಕಿ ಅಧಿಕಾರಿಗಳಿಗೆ ಅರ್ಜಿ ಹಾಕಿ, ಸಕ್ಕರೆ ಮಾರಿದ ಹಣವನ್ನು ಮಗನ ಹೆಸರಿಗೆ ಇಟ್ಟು, ದೊಡ್ಡವನಾದ ಮೇಲೆ ಅವನಿಗೆ ಸಣ್ಣದೊಂದು ಸರ್ಕಾರಿ ಕೆಲಸ ಸಿಗುವ ಹಾಗೆ ಮಾಡಿ ಹೋದ. ಒಬ್ಬ ಅಕೌಂಟೆಂಟ್ ಮಾಡಬಹುದಾದ ವಾತ್ಸಲ್ಯ ಅದು. 1819ರಲ್ಲಿ ಯುರೋಪಿಗೆ ಹೊರಟ ಅವನ ಹಡಗು ಸಮುದ್ರದಲ್ಲಿ ಹಾಳಾಯಿತು. ಹದಿನೆಂಟು ವರ್ಷ ಕೂಡಿಸಿದ ಪುಸ್ತಕ, ಕಾಗದ ಎಲ್ಲಾ ಹೋಯಿತು, ಆಮೇಲೆ ಮದುವೆಯಾಗಿದ್ದ ಗರ್ಭಿಣಿ ಹೆಂಡತಿಯೂ ಆ ಪ್ರಯಾಣದಲ್ಲೇ ತೀರಿಕೊಂಡಳು. ನಾಗಸಾಕಿಯಲ್ಲಿ ಜೋಕಿಚಿ 1824ರಲ್ಲಿ ಸತ್ತ. ಇನ್ನೂ ಹದಿನೇಳು ವರ್ಷ. ಯಾವ ಲೆಡ್ಜರಿನ ಯಾವ ಕಾಲಮ್ಮಿನಲ್ಲೂ ಈ ಖರ್ಚು ಇಲ್ಲ.

ಡೂಫ್ ಹೋಗಿ ನಲವತ್ತು ವರ್ಷಕ್ಕೆ ಎಲ್ಲಾ ತಿರುಗುಮುರುಗಾಯಿತು. 1853ರಲ್ಲಿ ಅಮೆರಿಕದ ಪೆರಿ ಫಿರಂಗಿ ಹಡಗುಗಳ ಜೊತೆ ಬಂದ. 1857ರಲ್ಲಿ ಅಮೆರಿಕದ ಪ್ರತಿನಿಧಿ ಟೌನ್‌ಸೆಂಡ್ ಹ್ಯಾರಿಸ್ ಎದೋ ಅರಮನೆಗೆ ಬೂಟು ಹಾಕಿಕೊಂಡು, ನಿಂತುಕೊಂಡೇ ಶೋಗನ್ ಜೊತೆ ಮಾತಾಡಿದ. ಆಮೇಲೆ ಶೋಗನ್ನೂ ಹೋದ. ಹೊಸ ಸರ್ಕಾರ 1871ರ ಕೊನೆಯಲ್ಲಿ ಇವಾಕುರಾ ತೊಮೊಮಿ ಅನ್ನೋ ಹಿರಿಯನ ನೇತೃತ್ವದಲ್ಲಿ ದೊಡ್ಡ ನಿಯೋಗವನ್ನು ಅಮೆರಿಕ, ಯುರೋಪಿಗೆ ಕಳಿಸಿತು. ಈಗ ಕೈ ಕುಲುಕೋದು, ಚಾಕು ಫೋರ್ಕು ಹಿಡಿಯೋದು, ಹ್ಯಾಟು ಯಾವಾಗ ತೆಗೀಬೇಕು ಅನ್ನೋದನ್ನು ಕಲಿಯೋ ಸರದಿ ಜಪಾನಿನವರದ್ದು.

1872ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆಸಿದ ಅವರ ಒಂದು ಫೋಟೋ ಇದೆ. ಐದು ಜನ. ನಾಲ್ವರು ಕೋಟು ಸೂಟಿನಲ್ಲಿ. ನಡುವೆ ಕೂತ ಇವಾಕುರಾ ಮಾತ್ರ ಕಿಮೋನೊ ಉಟ್ಟು, ತಲೆಯ ಮೇಲೆ ಜುಟ್ಟು ಕಟ್ಟಿ, ಗಂಭೀರವಾಗಿ ನೋಡುತ್ತಿದ್ದಾನೆ. ಕಾಲ ಕಡೆ ನೋಡಿದರೆ ತೊಗಲಿನ ಬೂಟು. ಸ್ವಲ್ಪ ದಿನದಲ್ಲೇ ಶಿಕಾಗೋದಲ್ಲಿ ಆ ಜುಟ್ಟನ್ನೂ ಕತ್ತರಿಸಿಕೊಂಡ.

ಈ ಫೋಟೋವನ್ನು ಒಸಾಕಾದ ಗೆಳೆಯನಿಗೆ ಕಳಿಸಿದೆ. ರಾತ್ರಿ ಹನ್ನೊಂದಾಗಿತ್ತು ಅಲ್ಲಿ, ಅವನಿನ್ನೂ ಆಫೀಸಿನಲ್ಲೇ ಇದ್ದ. ತುಂಬಾ ಹೊತ್ತು ಬಿಟ್ಟು ರಿಪ್ಲೈ ಬಂತು: ‘ಪಾಪ ಮಗಾ, ಹೊಸ 
ಬೂಟು. ಕಚ್ಚಿರುತ್ತೆ.’